ಮದ್ದು ಹಾಕಿದ ಕೋಳಿ

೧೪-೩-೧೯೬೮, ಗುರುವಾರ

ಚಿರಂಜೀವಿ ತಮ್ಮ ಗೋವಿಂದಯ್ಯನಿಗೆ ಬಂಡಳ್ಳಿಯಿಂದ ಅಣ್ಣ ಮುತ್ತಯ್ಯನ ಆಶೀರ್ವಾದ. ಯಳಂದೂರಿನಲ್ಲಿ ನೀನು ಹೇಗಿದ್ದೀ? ನಿನ್ನ ಹೆಂಡತಿ ಮಾದೇವಮ್ಮನ ಮಂಡಿನೋವು ಇಳಿಯಿತೇ? ದೊಡ್ಡವಳು ಕೆಂಪಮ್ಮ ಬಾಣಂತನ ಮುಗಿಸಿಕೊಂಡು ಗಂಡನ ಮನೆಗೆ ಹೋದಳೇ? ಸಣ್ಣವನು ಪುಟ್ಟಮಾದಪ್ಪನ ಕೆಮ್ಮು ಹೇಗಿದೆ? ಇತ್ತ ನಾವೆಲ್ಲರೂ —

ಇಲ್ಲಿಗೆ ನಿಂತೆ.

ಇನ್‌ಲ್ಯಾಂಡ್ ಕಾಗದದಲ್ಲಿ ಚಿತ್ತು ಆಗಬಾರದು ಅಂತ ಮೊದಲು ಈ ಬುಕ್ಕಿನಲ್ಲಿ ಬರೆದುಕೊಳ್ಳುವುದು ರೂಢಿ. ‘ಇತ್ತ ನಾವೆಲ್ಲರೂ ಕ್ಷೇಮ’ ಅಂತ ಎಷ್ಟು ಸಲ ಬರೆದಿದೆಯೋ ಈ ಕೈ. ಇವತ್ತು ಓಡಲಿಲ್ಲ. ತಮ್ಮನಿಗೆ ಆಮೇಲೆ ಬರೆದರಾಯಿತು. ಈಗ ನನಗೆ ನಾನೇ...

ಮೊಮ್ಮಗ ಸಿದ್ದನಿಗೆ ಸಂಕ್ರಾಂತಿ ಕಳೆದ ಮೇಲೆ ದಡಾರ ಬಂತು. ದಡಾರದ ಅಮ್ಮ ಇಳಿದು ಹೋದಳು. ಮಗು ಏಳಲಿಲ್ಲ. ಅಂಗಳದ ತುಂಬ ಓಡಾಡುತ್ತಿದ್ದವನು ಮತ್ತೆ ಕೂತುಬಿಟ್ಟ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಎರಡು ವರ್ಷ ತುಂಬಬೇಕು ಇನ್ನು.

ಇವತ್ತು ಸೊಸೆ ರಾಮಮ್ಮನ ಜೊತೆ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿದ್ದೆ. ಲೇಡಿ ಡಾಕ್ಟರು ಒಳ್ಳೆಯವರು, ಕೂರಿಸಿ ಹೇಳಿದರು. ಬರೀ ರಾಗಿ ಗಂಜಿ ಸಾಲದು. ಮೊಟ್ಟೆ ಕೊಡಿ, ಕೋಳಿ ಕೊಡಿ, ಕುರಿಯ ಈಲಿ, ಅದೇ ಲಿವರು, ಸಿಕ್ಕರೆ ಕೊಡಿ. ಚೆನ್ನಾಗಿ ಬೇಯಿಸಿ, ನುಣ್ಣಗೆ ಅರೆದು. ಖಾರ ಬೇಡ, ಕೊಬ್ಬು ಬೇಡ, ಮೂಳೆ ಚೂರು ಇರಬಾರದು. ರೋಗದ್ದು ಮಾತ್ರ ಸುತರಾಂ ಕೂಡದು — ಈ ಮಗು ತಡೆಯೋಲ್ಲ.

“ನೋಡಿ ತರೋದು ನನ್ನ ಕೆಲ್ಸ ಬುಡಿ ತಾಯಿ” ಅಂದೆ.

ಬಸ್ಸಿನಲ್ಲಿ ರಾಮಮ್ಮ, “ಅತ್ತೆ ಏನಂತಾರೋ ಮಾವ” ಅಂದಳು.

“ಏನಂದಾಳು? ಕೋಳಿಸಾರು ಅಂದ್ರೆ ಅವಳೂ ಒಂದು ತಟ್ಟೆ ಮುಂದಿಡ್ತಾಳೆ.”

ನಕ್ಕಳು. ಎಷ್ಟು ದಿನವಾಗಿತ್ತೋ ಆ ಹುಡುಗಿ ನಕ್ಕು.

೧೬-೩, ಶನಿವಾರ

ಹನೂರು ಸಂತೆ. ಬರಿಗೈ.

ಕೋಳಿಗಳಿಗೆ ರೋಗ. ಬಿಸಿಲು ಏರಿದಾಗ ಪ್ರತಿ ವರ್ಷ ಬರುವುದೇ, ಈ ಸಲ ಮನೆಮನೆ ಗುಡಿಸಿದೆ. ಕತ್ತು ತಿರುಚಿಕೊಂಡು, ಹಸಿರಗೆ ಹಿಕ್ಕೆ ಹಾಕಿ ಬೀಳುತ್ತವೆ. ಬೀಳುವ ಮುಂಚೆ ಸಂತೆಗೆ ಹೊರುತ್ತಾರೆ.

ಕೋಳಿ ನೋಡುವುದು ನನಗೆ ಬರುತ್ತದೆ. ಜುಟ್ಟು ಕೆಂಪಗಿರಬೇಕು. ಕಣ್ಣಲ್ಲಿ ನೀರಾಡಬಾರದು. ಬಾಲದ ಕೆಳಗೆ ಪುಕ್ಕ ಒಣಗಿ ಚೊಕ್ಕಟವಾಗಿರಬೇಕು. ಎದೆಮೂಳೆ ಕೈಗೆ ಚುಚ್ಚಬಾರದು. ಕಾಲು ಹಿಡಿದು ಎತ್ತಿದರೆ ಬಯ್ಯಬೇಕು. ಬಯ್ಯದ ಕೋಳಿ ಬೇಡ.

ಒಬ್ಬಳು ಹೆಂಗಸು ನಾಲ್ಕು ಕೋಳಿ ಕಟ್ಟಿಕೊಂಡು ಕೂತಿದ್ದಳು. ನಾನು ಬಾಲ ಎತ್ತಿದ್ದೇ —

“ಏನ್ ತಾತ, ಸೊಸೆ ತಕಂಡೋಯ್ತೀಯೋ, ಕೋಳಿ ತಕಂಡೋಯ್ತೀಯೋ? ಇಂಗ್ ನೋಡ್ತಿದ್ದೀ!”

“ಮೊಗೀಗೆ ಕಣವ್ವ. ಇದ್ಯಾಕೆ ತೂಕಡಿಸ್ತದೆ?”

“ಕೋಳಿ ಕೂಗ್ದಾಗ ಎದ್ದು ನಡ್ಕಂಡು ಬಂದೀನಿ, ನಂಗೂ ತೂಕಡಿಕೆ. ನಾನೂ ರೋಗದೋಳಾ?”

ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ಕೋಳಿ ನಗುವಿಗೂ ಕಣ್ಣು ಬಿಡಲಿಲ್ಲ. ಇನ್ನೊಬ್ಬ ಅದನ್ನೇ ಕೊಂಡು ಹೋದ. ದೊಡ್ಡವರು ಖಾರ ಹಾಕಿ ಕುದಿಸಿ ತಿಂದು ಜೀರ್ಣಿಸಿಕೊಳ್ಳುತ್ತಾರೆ. ನನ್ನ ಸಿದ್ದ?

೧೭-೩, ಭಾನುವಾರ

ಊರಲ್ಲಿ ಗುಡ್ಡೆ ಬಾಡು. ಹತ್ತು ಮನೆ ಸೇರಿ ಒಂದು ಕುರಿ ಕೊಯ್ದು, ಮುತ್ತುಗದ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಪ್ರತಿ ಗುಡ್ಡೆಗೂ ಈಲಿಯ ಒಂದೊಂದು ಚೂರು. ನನ್ನ ಗುಡ್ಡೆಯ ಬಾಡೆಲ್ಲ ನೀವೇ ತಗೊಳ್ಳಿ, ಈಲಿ ಪೂರ್ತಿ ನನಗೆ ಕೊಡಿ ಅಂತ ಕೇಳಿದೆ. ಮಗುವಿಗೆ ಅಂದ ಮೇಲೆ ಯಾರೂ ಇಲ್ಲ ಅನ್ನಲಿಲ್ಲ.

ಕೈಗೆ ತೆಗೆದುಕೊಂಡು ಬೆರಳಲ್ಲಿ ಒತ್ತಿದೆ. ಒಳಗಿಂದ ಕುಂಬಳ ಬೀಜದಂಥ ಚಪ್ಪಟೆ ಹುಳು ಜಾರಿ ಬಂತು. ಇನ್ನೊಂದು ಕಡೆ ಒತ್ತಿದೆ, ಅಲ್ಲೂ. ಕೆರೆಯಂಚಿನ ಹುಲ್ಲು ಮೇಯ್ದ ಕುರಿ.

ಕೊಯ್ಯುತ್ತಿದ್ದ ಕೆಂಪನಂಜಪ್ಪ, “ಬೆಂದ್ರೆ ಹುಳಾನೂ ಬಾಡೇ ಕಣ್ಲಾ ಮುತ್ತಯ್ಯ” ಅಂದ.

ಈಲಿ ಅಲ್ಲೇ ಇಟ್ಟು ತೊಡೆಯ ಭಾಗ ತಂದೆ. ಮುದಿ ಕುರಿ, ಎಷ್ಟು ಬೇಯಿಸಿದರೂ ಹಗ್ಗ. ಮಗು ಚೀಪಿ ಉಗಿಯಿತು.

ಸಂಜೆ ನನ್ನವಳು ಚಿಕ್ಕನಿಂಗಮ್ಮ ಮಗುವಿನ ಹೊಟ್ಟೆ ಸವರುತ್ತ ಕೂತಿದ್ದಳು. “ದಡಾರ ಯಾವ ಮಗೀಗೆ ಬರಲ್ಲ ಏಳಿ. ಎಲ್ಲರ ಹೊಟ್ಟೇನೂ ಇಂಗ್ ಉಬ್ಬಿತಾ? ಇದು ಬಾಯಿಂದ ಒಳಕ್ಕೋಗಿರೋದು.”

ರಾಮಮ್ಮ ಒಲೆ ಮುಂದೆ ಇದ್ದಳು. ಕೇಳಿಸಿತು. ಊದುವುದನ್ನು ನಿಲ್ಲಿಸಿದಳು, ಮತ್ತೆ ಊದಿದಳು.

ಬಾಯಿಂದ ಒಳಕ್ಕೆ ಅಂದರೆ ಮದ್ದು. ಇದನ್ನು ಬರೆಯುವುದಕ್ಕೂ ಬೇಸರ. ನಮ್ಮ ಕಡೆ ಮದ್ದು ಕೊಡುವುದು ಬೇರೆ, ಮದ್ದು ಹಾಕುವುದು ಬೇರೆ. ಕೊಟ್ಟರೆ ಔಷಧಿ. ಹಾಕಿದರೆ — ಆಗದವರು ಅನ್ನದಲ್ಲಿ ಕಲೆಸಿ ಹಾಕುವ ವಿಷ, ಹೊಟ್ಟೆಯಲ್ಲಿ ಅಂಟಿ ಕೂತು ಮನುಷ್ಯನನ್ನು ಒಣಗಿಸುತ್ತದಂತೆ. ನಮ್ಮ ಮೊದಲ ಹೆಣ್ಣುಕೂಸು ಹೀಗೇ ಹೊಟ್ಟೆ ಉಬ್ಬಿ ಹೋಯಿತು. ಹೋದ ಮೇಲೆ ಯಾರೋ ಮದ್ದು ಅಂದರು. ಮೊದಲೇ ಗೊತ್ತಿದ್ದರೆ ಕಕ್ಕಿಸಿ ಉಳಿಸಿಕೊಳ್ಳುತ್ತಿದ್ದೆ ಅನ್ನುವುದು ಇವಳ ಇಷ್ಟು ವರ್ಷದ ಕೊರಗು. ಅದನ್ನು ನಾನು ಯಾವ ಬಾಯಲ್ಲಿ ಸುಳ್ಳು ಅನ್ನಲಿ?

೨೦-೩, ಬುಧವಾರ

ರಾಮಮ್ಮನೇ ದಾರಿ ಹೇಳಿದಳು. ಧನಗೆರೆಯಲ್ಲಿ ಅವಳ ತೌರಿನ ಕೋಳಿ ಒಂದೂ ಸತ್ತಿಲ್ಲವಂತೆ. ಬೆಳಗಿನ ಬಸ್ಸಿಗೆ ಹೋದೆ.

ನಿಜ. ಅಂಗಳದ ತುಂಬ ಕೆದಕಿಕೊಂಡು ಓಡಾಡುತ್ತಿವೆ. ನೋಡಿ ಕಣ್ಣು ತುಂಬಿತು ಅಂದರೆ ನಗಬೇಕು — ಕೋಳಿ ನೋಡಿ ಅಳುವ ಮುದುಕ!

ಬೀಗತಿ ಹೇಳಿದರು: “ದನದಾಸ್ಪತ್ರೆ ಸ್ಟಾಕ್‌ಮನ್ನು ಬಂದು ರೆಕ್ಕೆಗೆ ಸೂಜಿ ಚುಚ್ಚೋದ ಕಣಣ್ಣ. ನಾವೇ ಏಳಿ ಕಳ್ಸಿದ್ದೋ. ಬ್ಯಾಡ ಅಂದೋರ ಮನೆ ಗೂಡೆಲ್ಲ ಖಾಲಿ.”

ಇನ್ನೂ ಮೊಟ್ಟೆಗೆ ಬಾರದ ಕಂದು ಬಣ್ಣದ ಮರಿಯಾಟೆ ಕೋಳಿಯೊಂದನ್ನು ಆರಿಸಿದೆ. ಹಿಡಿದಾಗ ಬೈದ ಬೈಗುಳಕ್ಕೆ ಬೀದಿಯವರೆಲ್ಲ ಹೊರಗೆ ಬಂದರು. ಒಂದಷ್ಟು ಮೊಟ್ಟೆಯನ್ನೂ ಹೊಟ್ಟಿನಲ್ಲಿ ಹೂತು ಕೊಟ್ಟರು.

೨೧-೩, ಗುರುವಾರ

ಕುಡಿಯಿತು!

ರಾಮಮ್ಮ ಎದೆಯ ಭಾಗ ಮಾತ್ರ ಬಿಡಿಸಿ, ಜೀರಿಗೆ, ಒಂದು ಹರಳು ಉಪ್ಪು ಹಾಕಿ ಮೆತ್ತಗೆ ಬೇಯಿಸಿದಳು. ಒರಳಲ್ಲಿ ಅರೆದು ಬಟ್ಟೆಯಲ್ಲಿ ಸೋಸಿದಳು. ತೊಡೆಯ ಮೇಲೆ ಮಲಗಿಸಿಕೊಂಡು “ಆ... ಗುಬ್ಬಿ ಬತ್ತು, ಗೂಡು ತಗಿ” ಅಂದಳು. ಅವನು ಬಾಯಿ ತೆಗೆದ. ಮತ್ತೆ ತೆಗೆದ. ಬಟ್ಟಲು ಮುಗಿದಾಗ ನನ್ನ ಕಡೆ ತಿರುಗಿ “ಇನ್ನಾ” ಅಂದ. ನಾನೇನೋ ಬಚ್ಚಿಟ್ಟುಕೊಂಡಿರುವವನ ಹಾಗೆ ನನ್ನನ್ನು ಕೇಳಿದ.

ಚಿಕ್ಕನಿಂಗಮ್ಮನೂ ಒಲೆ ಮುಂದೆ ಬಂದಳು. ಉಳಿದ ಕೋಳಿಗೆ ಖಾರ ಅರೆದು ಸಾರು ಮಾಡಿ, ಸೊಸೆಗೇ ಮೊದಲು ಬಡಿಸಿದಳು.

೨೩-೩, ಶನಿವಾರ

ನಿನ್ನೆ, ಇವತ್ತು ಮೊಟ್ಟೆ. ಗೋಡೆ ಹಿಡಿದು ನಿಂತ. ಜಾಸ್ತಿ ಬರೆಯುವುದಿಲ್ಲ, ದೃಷ್ಟಿಯಾದೀತು.

೨೪-೩, ಭಾನುವಾರ

ಎಂಥ ಕೆಲಸ ಆಗಿಹೋಯಿತು.

ಸ್ಟಾಕ್‌ಮನ್ ಶಿವರುದ್ರಸ್ವಾಮಿ ನಮ್ಮ ಊರಿಗೂ ಬಂದರು. ಬಾಡು ಮುಟ್ಟದ ಜಾತಿಯವರು. ಕೋಟಿನ ಮೇಲೆ ಮಾತ್ರ ಕೋಳಿಪುಕ್ಕ. ಚಿಕ್ಕನಿಂಗಮ್ಮ ನೀರು ಮಜ್ಜಿಗೆ ತರಲು ಹೋದಳು. ಅವರು ಜಗಲಿಯಲ್ಲಿ ಕೂತು ಮಗುವಿನ ಕೆನ್ನೆ ಚಿವುಟಿದರು. ಧನಗೆರೆ ಕೋಳಿಯಿಂದ ಚೇತರಿಸಿಕೊಂಡ ಅಂತ ನಾನೇ ಹೇಳಿದೆ.

“ಧನಗೆರೆದಾ? ಅಲ್ಲಿ ಎಲ್ಲಾ ಕೋಳಿಗೂ ನಾನೇ ನಿಂತು ಮದ್ದು ಹಾಕಿದೀನಿ ಕಣ್ರಿ! ನಿಮ್ಮ ಸೊಸೆ ತೌರವರೇ ಮೊದಲು ಹೇಳಿ ಕಳಿಸಿ ಹಾಕಿಸ್ಕಂಡೋರು.”

ಬಾಗಿಲಲ್ಲಿ ಚಿಕ್ಕನಿಂಗಮ್ಮ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು. ಚೊಂಬನ್ನು ಹೊಸ್ತಿಲ ಮೇಲೆ ಇಟ್ಟಳು.

“ಏನ್ ಹಾಕಿದ್ರಿ ಸಾ?”

“ಮದ್ದು ಕಣವ್ವ. ಮದ್ದು.”

ನಾನು ನಡುವೆ ಬಂದೆ. ಇಂಜೆಕ್ಷನ್ ಕಣೇ, ಕೋಳಿಗೆ ರೋಗ ಬರದ ಹಾಗೆ, ಮಕ್ಕಳಿಗೆ ತೋಳಿಗೆ ಸಿಡುಬಿನದ್ದು ಹಾಕುತ್ತಾರಲ್ಲ ಹಾಗೆ... ಅವರಿಗೂ ಎಲ್ಲೋ ತಪ್ಪಿತು ಅಂತ ತಿಳಿಯಿತು. ಎದ್ದು ನಿಂತು, “ಲಸಿಕೆ ಕಣ್ರವ್ವ, ಲಸಿಕೆ! ಲಸಿಕೆ ಅಂದ್ರೆ ನಿಮಗೆ ಗೊತ್ತಾಗಲ್ಲ ಅಂತ ಮದ್ದು ಅಂದೆ” ಅಂದರು.

“ಒಂದಕ್ಕೇ ಏಸು ಹೆಸ್ರು ಕಟ್ಟೀರಿ ಸಾ? ಬಾಯಿಗೆ ಮೊದ್ಲು ಬಂದಿದ್ದೇ ನಿಜ.”

ಮಜ್ಜಿಗೆ ಕುಡಿಯದೆ ಹೋದರು. ಪಾಪ, ತಿಳಿಯಲಿ ಅಂತ ನಮ್ಮ ಮಾತಿನಲ್ಲಿ ಹೇಳಲು ಹೋದವರು.

ನಮ್ಮ ಗ್ರಹಚಾರ, ಇವತ್ತೇ ಮಗುವಿಗೆ ಭೇದಿ. ಬಿಸಿಲಿಗೋ, ಮೊಟ್ಟೆ ಹೆಚ್ಚಾಯಿತೋ. ಚಿಕ್ಕನಿಂಗಮ್ಮ ರಾಮಮ್ಮನ ತೌರಿನ ಮೊಟ್ಟೆಗಳನ್ನೆಲ್ಲ ತಿಪ್ಪೆಗೆ ಒಡೆದಳು.

“ನಮ್ಮವ್ವ ಸಾಕಿದ್ದು ಕಣತ್ತೆ. ತಮ್ಮ ಮೊಮ್ಮಗೀಗೆ ಯಾರಾದ್ರೂ...”

“ಸಾಕಿದ್ದು ಯಾರು ಅಂತ ಗೊತ್ತು ಕಣೇ. ಅದ್ಕೇ ಒಡೀತಿರೋದು.”

“ಆ ಸಾರನ್ನ ನಾನೂ ಉಂಡೆ, ನೀವೂ ಉಂಡ್ರಿ. ನಮಗೇನಾಯ್ತು?”

“ನನ್ನ ಕರುಳು ಗಟ್ಟಿ. ಕೂಸಿನ ಕರುಳು ಗಟ್ಟಿಯಾ?”



೨೬-೩, ಮಂಗಳವಾರ

ಚಿಕ್ಕನಿಂಗಮ್ಮ ಮಗ ಮಂಟೇಸ್ವಾಮಿಗೆ ಹೇಳಿ ಕಳಿಸಿ ಕರೆಸಿದ್ದಾಳೆ. ಕರೆಂಟು ಕಂಬ ನೆಡುವ ಗ್ಯಾಂಗಿನವನು, ತಿಂಗಳಿಗೊಮ್ಮೆ ಮುಖ ತೋರಿಸುವವನು. ಅವನನ್ನು ಹಿತ್ತಲಿಗೆ ಕರೆದು ಎಲ್ಲ ಬಿಡಿಸಿ ಹೇಳಿದೆ. ತಲೆಯಾಡಿಸಿದ. ಒಳಗೆ ಹೋಗಿ ಅವ್ವನ ಮಾತು ಕೇಳಿದ. ಅದಕ್ಕೂ ತಲೆಯಾಡಿಸಿದ.

ಮದ್ದು ಕಕ್ಕಿಸುವವನೊಬ್ಬ ಕಾಡಂಚಿನ ಹಟ್ಟಿಯಲ್ಲಿದ್ದಾನೆ. ಯುಗಾದಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾನೆ. ಅವನದೊಂದು ಕಟ್ಟಳೆ — ಹಾಕಿದ ಕೈ ಮನೆಯಲ್ಲಿದ್ದರೆ ಮದ್ದು ಮೇಲಕ್ಕೆ ಬರುವುದಿಲ್ಲ. ಕಕ್ಕಿಸಿದ ಮೇಲೂ ಒಂದು ಅಮಾವಾಸ್ಯೆ ಕಳೆಯುವವರೆಗೆ ಆ ಕೈ ಹೊಸ್ತಿಲು ದಾಟಿ ಒಳಗೆ ಬರಬಾರದು.

“ಅವಳೇ ಹಾಕಿದ್ಲು ಅಂತ ನಾನೆಲ್ಲಿ ಅಂದೆ?” ಅಂತಾಳೆ ಚಿಕ್ಕನಿಂಗಮ್ಮ. “ಅವಳ ಕೈಲಿ ಹಾಕ್ಸವ್ರೆ. ಅವಳಿಗೆ ಗೊತ್ತೋ ಇಲ್ವೋ ಆ ಬೆಟ್ಟದ ಮಾದಪ್ಪಂಗೇ ಗೊತ್ತು.”

ರಾಮಮ್ಮ ತೌರಿಗೆ ಹೋಗಬೇಕು ಅಂತಾಯಿತು. ಮಗುವನ್ನೂ ಕರೆದುಕೊಂಡು ಹೋಗುತ್ತೇನೆ ಅಂದಳು. ಮದ್ದು ಹಾಕಿದ ಊರಿಗೇ ಮಗುವಾ ಅಂದರು. ನನ್ನ ಮುಖ ನೋಡಿದಳು. ‘ಮಗು ತಾಯಿಯ ಜೊತೆ ಹೋಗಲಿ’ ಅಂದೆ. ಅಂದೆ, ಜೋರಾಗಿಯೇ ಅಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ, ದನ ಕೆಮ್ಮಿದ ಹಾಗೆ ಆಯಿತು.

ಮಂಟೇಸ್ವಾಮಿ ಹೆಂಡತಿಯನ್ನು ಬಸ್ಸು ಹತ್ತಿಸಿ ಬಂದ. ಅವನೂ ಆ ಕಡೆಯಿಂದಲೇ ಕೆಲಸಕ್ಕೆ ಹೋಗಬಹುದಿತ್ತು. ತಿರುಗಿ ಬಂದು ಮಗುವನ್ನು ಎತ್ತಿಕೊಂಡು ನಿಂತಿದ್ದ. ಅವನನ್ನೂ ಬಯ್ಯಲಾರೆ.

೩-೪, ಬುಧವಾರ

ಯುಗಾದಿ ಹೋಯಿತು. ಮಾರನೆಯ ದಿನ ಹೊಸತೊಡಕು, ಊರೆಲ್ಲ ಬಾಡಿನ ಘಮ. ನಮ್ಮ ಒಲೆಯ ಮೇಲೆ ಗಂಜಿ. ಕಕ್ಕಿಸುವ ತನಕ ಬಾಡು, ಮೊಟ್ಟೆ ಏನೂ ಕೂಡದು ಅಂತ ಅಪ್ಪಣೆ.

ಕಕ್ಕಿಸುವವನು ಸೋಮವಾರ ಬಂದ. ಯಾವುದೋ ಬೇರಿನ ರಸ, ಹಸಿರಗಿತ್ತು. ಮಗುವನ್ನು ಯಾರು ಹಿಡಿಯುತ್ತೀರಿ ಅಂದ. ನಾನು ಹಿಡಿದೆ. ನಾನು ಹಿಡಿಯದಿದ್ದರೆ ಇನ್ನೊಬ್ಬರು ಗಟ್ಟಿಯಾಗಿ ಹಿಡಿಯುತ್ತಿದ್ದರು.

ಅವನು ಚಮಚ ತೋರಿಸಿದ ಕೂಡಲೇ ಮಗು ತಾನಾಗಿಯೇ ಬಾಯಿ ತೆಗೆಯಿತು. ಸಾರು ಅಂದುಕೊಂಡಿತು.

ಆಮೇಲಿನದ್ದು ಬರೆಯುವುದಿಲ್ಲ.

ಕೊನೆಗೆ ಬಟ್ಟಲಲ್ಲಿ ಕಪ್ಪನೆಯದೊಂದು ಉಂಡೆ ತೋರಿಸಿದ. ಹೊಟ್ಟೆಯಿಂದ ಬಂದದ್ದೋ ಅವನ ಬೆರಳ ಸಂದಿಯಿಂದ ಬಂದದ್ದೋ. ಚಿಕ್ಕನಿಂಗಮ್ಮ ಅದನ್ನು ನೋಡಿ ಗಟ್ಟಿಯಾಗಿ ಅತ್ತಳು. ಈ ಮಗುವಿಗಲ್ಲ. ಆ ಹೆಣ್ಣುಕೂಸಿನ ಹೆಸರು ಹಿಡಿದು ಅತ್ತಳು.

೫-೪, ಶುಕ್ರವಾರ

ವಾಂತಿ ನಿಂತಿದೆ. ಮಗು ಅಳುವುದನ್ನೂ ನಿಲ್ಲಿಸಿದೆ. ಕೆಳಗೆ ಬಿಟ್ಟರೆ ಆಗುವುದಿಲ್ಲ, ನನ್ನ ಹೆಗಲೇ ಬೇಕು. ಬೇರೆ ಯಾರ ಹತ್ತಿರವೂ ಹೋಗುವುದಿಲ್ಲ. ಹಿಡಿದುಕೊಂಡವನು ನಾನೇ ಅಲ್ಲವೇ, ನನ್ನನ್ನೇ ಯಾಕೆ...

೭-೪, ಭಾನುವಾರ

ಇವತ್ತು ಚಿಕ್ಕನಿಂಗಮ್ಮ ಬೆಳಿಗ್ಗೆಯೇ ಹೊಲದ ಗುಡಿಸಲಿಗೆ ಹೋದಳು. ಊರ ಕೋಳಿಗಳ ಗಾಳಿ ಸೋಕದ ಹಾಗೆ ಅಲ್ಲಿ ಒಂದು ಯಾಟೆಯನ್ನು ಕಾವಿಗೆ ಕೂರಿಸಿದ್ದಳು. ನಮ್ಮ ಮನೆಯಲ್ಲಿ ಉಳಿದದ್ದು ಅದೊಂದೇ. ಅದನ್ನು ಮೊಟ್ಟೆಯ ಮೇಲಿಂದ ಎತ್ತಿ ಸೆರಗಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ಇಟ್ಟಳು.

“ನೋಡಿ. ನಿಮ್ಗೆ ನೋಡಕ್ಕೆ ಬತ್ತದಲ್ಲ, ನೋಡಿ.”

ನೋಡಿದೆ. ಜುಟ್ಟು ಕೆಂಪು. ಕಣ್ಣು ಕೆಂಡ. ನನ್ನ ಕೈ ಕುಕ್ಕಿ ರಕ್ತ ಬರಿಸಿತು. ಇಷ್ಟು ಒಳ್ಳೆಯ ಕೋಳಿ ಸಂತೆಯಲ್ಲಿ ಎಲ್ಲೂ ಇರಲಿಲ್ಲ.

“ಚೆನ್ನಾಗದೆ” ಅಂದೆ.

“ಅಂಗಾದ್ರೆ ಕುಯ್ಯಿ.”

ಎದೆಯ ಭಾಗವೇ ಬಿಡಿಸಿದಳು. ಖಾರವಿಲ್ಲ, ಕೊಬ್ಬಿಲ್ಲ. ಅರೆದಳು, ಸೋಸಿದಳು. ಸೊಸೆ ಮಾಡಿದ್ದನ್ನೆಲ್ಲ ನೋಡಿಟ್ಟುಕೊಂಡಿದ್ದಳು ಅಂತ ಆಗ ತಿಳಿಯಿತು. ಡಾಕ್ಟರು ಹೇಳಿದ್ದರಲ್ಲಿ ಒಂದೂ ತಪ್ಪಲಿಲ್ಲ.

ಚಮಚ ಹತ್ತಿರ ತಂದಳು. ಮಗು ಹಲ್ಲು ಕಚ್ಚಿತು.

“ಸಾರು ಕಣಪ್ಪ. ಕೋಳಿಸಾರು. ನೋಡು, ಅಜ್ಜಿ ಕುಡೀತಾಳೆ.” ಕುಡಿದು ತೋರಿಸಿದಳು. ನಾನೂ ಕುಡಿದು ತೋರಿಸಿದೆ. ತುಟಿಗೆ ಸೋಕಿಸಿದರೆ ಅಂಗೈಯಿಂದ ಒರೆಸಿಕೊಂಡಿತು. ಮೂಗು ಹಿಡಿದು ಕುಡಿಸಿ ಅಂದಳು ಪಕ್ಕದ ಮನೆಯವಳು. ಚಿಕ್ಕನಿಂಗಮ್ಮ ಅವಳನ್ನು ಬೈದು ಅಟ್ಟಿದಳು. ಬೆರಳಿನಿಂದ ಕೊಟ್ಟೆವು, ಎಲೆಯಿಂದ ಕೊಟ್ಟೆವು. ತುಟಿಯ ಮೇಲೆ ತುಟಿ ಬೀಗ ಹಾಕಿದ ಹಾಗೆ. ಕಣ್ಣು ಮಾತ್ರ ನಮ್ಮಿಬ್ಬರನ್ನೂ ನೋಡುತ್ತಿದೆ. ಹಟವಲ್ಲ. ಹೆದರಿಕೆ.

ಸಾರಿನ ಮೇಲೆ ಕೆನೆ ಕಟ್ಟಿತು. ಬಟ್ಟಲು ಹಿಡಿದು ಹಾಗೇ ಕೂತಿದ್ದಳು, ಬಿಸಿ ಮಾಡಿ ತಂದಳು, ಮತ್ತೆ ಕೂತಳು.

೯-೪, ಮಂಗಳವಾರ, ಬೆಳಿಗ್ಗೆ

ನೀರು ಬಿಟ್ಟರೆ ಏನೂ ಇಲ್ಲ. ನೀರನ್ನೂ ಚಮಚದಲ್ಲಿ ಕೊಟ್ಟರೆ ಬೇಡ, ನನ್ನ ಬೊಗಸೆಯಲ್ಲಿ ಮಾತ್ರ. ಸಾರನ್ನು ಬೊಗಸೆಯಲ್ಲಿ ಹಿಡಿದೆ. ಮೂಸಿ ಮುಖ ತಿರುಗಿಸಿತು. ಆಸ್ಪತ್ರೆಗೆ ಎತ್ತಿಕೊಂಡು ಹೊರಟರೆ ಚಿಕ್ಕನಿಂಗಮ್ಮ ಬಾಗಿಲಿಗೆ ಅಡ್ಡ ಕೂರುತ್ತಾಳೆ. ಅಮಾವಾಸ್ಯೆಯವರೆಗೆ ಮಗುವೂ ಹೊಸ್ತಿಲು ದಾಟಬಾರದಂತೆ.

ಮಂಟೇಸ್ವಾಮಿ ಕಂಬ ನೆಡಲು ಹೋಗಿದ್ದಾನೆ. ಧನಗೆರೆಗೆ ನಾನೇ ಹೋಗೋಣವೆಂದರೆ ಮಗುವನ್ನು ಹೆಗಲಿಂದ ಇಳಿಸುವ ಹಾಗಿಲ್ಲ. ಬಸ್ಸಿನ ಕಂಡಕ್ಟರು ಪರಿಚಯದವನು, ಅವನ ಕೈಯಲ್ಲಿ ಕಾಗದ ಕೊಟ್ಟರೆ ಮಧ್ಯಾಹ್ನಕ್ಕೆ ಮುಟ್ಟಿಸುತ್ತಾನೆ. ಮಗುವನ್ನು ಎಡಗೈಯಲ್ಲಿ ಹಿಡಿದು ಬರೆಯಲು ಕೂತೆ.

“ಯಾರಿಗೆ?” ಅಂದಳು.

“ಗೋವಿಂದಯ್ಯಂಗೆ.”

“ಗೋವಿಂದಯ್ಯ ಇರೋದು ಯಳಂದೂರಲ್ಲಿ. ಬಸ್ಸಿನೋನ್ಗೆ ಕಾಯ್ತಾ ಕೂತಿದ್ದೀರಿ.” ಗೋಡೆಯ ಕಡೆ ತಿರುಗಿ ಅಂದಳು: “ಜೀರಿಗೆ ಎಷ್ಟು ಹಾಕ್ತಿದ್ಲು ಅಂತ ಕೇಳಿ. ಬೇಗ ಬರ್ದು ತಿಳ್ಸು ಅನ್ನಿ. ಬರೋದು ಗಿರೋದು ಏನೂ ಬ್ಯಾಡ.”

ಸೌಭಾಗ್ಯವತಿ ರಾಮಮ್ಮನಿಗೆ ಮಾವ ಮುತ್ತಯ್ಯನ ಆಶೀರ್ವಾದ. ನೀನು ಹೇಗಿದ್ದೀಯವ್ವ? ನಿಮ್ಮವ್ವನ ಮೈ ಹೇಗಿದೆ? ಇತ್ತ ಸಿದ್ದ ಉಸಿರಾಡುತ್ತಿದ್ದಾನೆ. ನಿಮ್ಮತ್ತೆ ಕಾವಿಗೆ ಕೂತ ಯಾಟೆಯನ್ನೇ ಎಬ್ಬಿಸಿ ಸಾರು ಮಾಡಿದಳು. ನೀನು ಮಾಡುವ ಹಾಗೇ ಮಾಡಿದಳು. ಮಗು ಬಾಯಿ ತೆಗೆಯಲಿಲ್ಲ. ಸಾರಿಗೆ ಜೀರಿಗೆ ಎಷ್ಟು ಹಾಕುತ್ತಿದ್ದೆ ಅಂತ ಕೇಳುತ್ತಿದ್ದಾಳೆ. ಕಾಗದ ತಲುಪಿದ ಕೂಡಲೇ ನಿನ್ನ ತಮ್ಮನ ಕೈಯಲ್ಲಿ ಬೇಗ ಬರೆಸಿ —

ಬರೆಸಬೇಡ ಕಣವ್ವ. ಬಾ. ಸಂಜೆಯ ಬಸ್ಸಿಗೇ ಬಾ. ಹೊಸ್ತಿಲು ದಾಟಬೇಡ ಅಂದರೆ ಜಗಲಿಯಲ್ಲಿ ಕೂತುಕೋ, ಮಗುವನ್ನು ಹೊರಗೆ ನಿನ್ನ ತೊಡೆಯ ಮೇಲೆ ನಾನು ತಂದು ಹಾಕುತ್ತೇನೆ. ಆ ಗುಬ್ಬಿ ಮಾತು ಒಂದು ಸಲ ಹೇಳು, ನಾನು ಹೇಳಿದರೆ ಅದು ಬಾಯಿ ತೆಗೆಯುವುದಿಲ್ಲ. ನಿಮ್ಮತ್ತೆ ಅಡ್ಡ ಬಂದರೆ ನಾನು... ಬಸ್ಸು ಬಂತು, ಹಾರ್ನ್ ಕೇಳಿಸುತ್ತಿದೆ. ಇನ್ನೂ ಕಾಗದಕ್ಕೆ ಇಳಿಸಿಲ್ಲ, ಈ ಹಾಳೆಯನ್ನೇ ಹರಿದು